‘ದಾಟಬಹುದಿತ್ತು’ ಮತ್ತು ‘ದಾಟಿದ್ದರು’: ಹಳೆಯ ಹಡಗುಗಳ ಹೊಸ ಯಾನಗಳು ಏನನ್ನು ಹೇಳುತ್ತವೆ

2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಭಾರತೀಯ ನೌಕಾಪಡೆಯ ‘ಕೌಂಡಿನ್ಯ’ ಎಂಬ ಹಾಯಿಹಡಗು 2026ರ ಜನವರಿ 14ರಂದು ಒಮಾನಿನ ಮಸ್ಕತ್ತನ್ನು ಮುಟ್ಟಿತು. ಅದಕ್ಕೆ ಎಂಜಿನ್ ಇಲ್ಲ, ಹಲಗೆಗಳನ್ನು ಹಿಡಿದಿಡಲು ಮೊಳೆಗಳೂ ಇಲ್ಲ. ಒಂದು ಹಲಗೆಯ ಅಂಚಿಗೆ ಇನ್ನೊಂದರ ಅಂಚನ್ನು ತಾಗಿಸಿ, ತೂತು ಕೊರೆದು, ಸಂದಿನ ಮೇಲೆ ತೆಂಗಿನ ನಾರನ್ನಿಟ್ಟು, ಕತ್ತದ ಹುರಿಯಿಂದ ಬಿಗಿಯಾಗಿ ಹೊಲಿದು, ರಾಳ ಬಳಿದು ಮಾಡಿದ ಒಡಲು ಅದು. ಇಂತಹ ಯಾನವೊಂದು ಮುಗಿದಾಗಲೆಲ್ಲ, ಪ್ರಾಚೀನರು ಸಮುದ್ರ ದಾಟಿದ್ದರೆಂಬುದು ರುಜುವಾತಾಯಿತು ಎಂಬ ಮಾತು ಕೇಳಿಬರುತ್ತದೆ. ಆದರೆ ಪಶ್ಚಿಮ ಭಾರತಕ್ಕೂ ಒಮಾನಿಗೂ ನಡುವೆ ಹಡಗುಗಳು ಓಡಾಡಿದ್ದವು ಎಂಬುದು ಕೌಂಡಿನ್ಯದ ಸಾಕ್ಷ್ಯಕ್ಕಾಗಿ ಕಾದು ಕುಳಿತ ಸಂಗತಿಯಲ್ಲ. ಒಮಾನಿನ ಕರಾವಳಿಯ ರಾಸ್ ಅಲ್ ಜಿನ್ಜ್‌ನಲ್ಲಿ ಸಿಂಧೂ ನಾಗರಿಕತೆಯ ಮಡಕೆಯ ಚೂರುಗಳು ಸಿಕ್ಕಿವೆ. ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಲ್ಲಿ ತಮಿಳು ಬ್ರಾಹ್ಮಿ ಲಿಪಿಯಿರುವ ಮಡಕೆ ಚೂರುಗಳು ದೊರೆತಿವೆ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ವರ್ತಕನೊಬ್ಬ ಈ ಜಲಮಾರ್ಗದ ಬಂದರುಗಳನ್ನೂ ಸರಕುಗಳನ್ನೂ ಪಟ್ಟಿ ಮಾಡಿಟ್ಟಿದ್ದಾನೆ. ಹಾಗಿದ್ದ ಮೇಲೆ ಇಷ್ಟು ಶ್ರಮದ ಯಾನವೊಂದು ನಮಗೆ ಹೊಸದಾಗಿ ಏನನ್ನು ಕೊಡುತ್ತದೆ?

ಈ ಪ್ರಶ್ನೆ ಕೌಂಡಿನ್ಯಕ್ಕೆ ಮಾತ್ರ ಸೇರಿದ್ದಲ್ಲ. 1893ರಲ್ಲಿ ಗೋಕ್‌ಸ್ಟಾಡ್ ಎಂಬ ಪ್ರಾಚೀನ ವೈಕಿಂಗ್ ಹಡಗಿನ ಪ್ರತಿರೂಪವೊಂದು ನಾರ್ವೆಯ ಬೆರ್ಗೆನ್‌ನಿಂದ ಅಟ್ಲಾಂಟಿಕ್ ದಾಟಿ ಶಿಕಾಗೋದ ವಿಶ್ವಮೇಳಕ್ಕೆ ಹೋದಂದಿನಿಂದ, ಅಂದರೆ ಸುಮಾರು 130 ವರ್ಷಗಳಿಂದ, ಪ್ರತಿ ಮರುಯಾನವೂ ಇದೇ ಪ್ರಶ್ನೆಯನ್ನು ಎದುರಿಸುತ್ತ ಬಂದಿದೆ. ನನ್ನ ತಿಳಿವಳಿಕೆಯಲ್ಲಿ ಇಂತಹ ಯಾನದ ಬೆಲೆಯನ್ನು ಅಳೆಯಲು ಒಂದು ಸರಳ ಪರೀಕ್ಷೆಯಿದೆ: ಅದು ಸೋಲಲು ನಿಜವಾಗಿಯೂ ಎಷ್ಟು ಅವಕಾಶವಿತ್ತು, ಮತ್ತು ಎಲ್ಲಿ ಸೋತಿತೋ ಅದನ್ನು ಎಷ್ಟು ಬಿಚ್ಚುಮನಸ್ಸಿನಿಂದ ದಾಖಲಿಸಲಾಯಿತು ಎಂದು ನೋಡುವುದು. ಗುರಿ ಮುಟ್ಟಿದ ಸುದ್ದಿ ದೊಡ್ಡದಾಗಿ ಅಚ್ಚಾಗುತ್ತದೆ, ಆದರೆ ಕಲಿಕೆ ಬಹುಪಾಲು ಬೇರೆಡೆ ಇರುತ್ತದೆ.

ಈ ಬಗೆಯ ಯಾನಗಳಲ್ಲಿ ಹೆಚ್ಚು ಹೆಸರಾದದ್ದು ಕಾನ್‌ಟಿಕಿ. ಪೆಸಿಫಿಕ್ ಸಾಗರದ ಪಾಲಿನೇಷ್ಯ ದ್ವೀಪಗಳಿಗೆ ಜನ ಬಂದದ್ದು ದಕ್ಷಿಣ ಅಮೆರಿಕದಿಂದ ಎಂದು ನಂಬಿದ್ದ ನಾರ್ವೆಯ ಥೋರ್ ಹೆಯರ್‌ಡಾಲ್, ಐವರು ಸಂಗಡಿಗರೊಂದಿಗೆ 1947ರ ಏಪ್ರಿಲ್ 28ರಂದು ಪೆರುವಿನ ಕಲ್ಯಾವೊ ಬಂದರಿನಿಂದ ಬಾಲ್ಸಾ ದಿಮ್ಮಿಗಳ ತೆಪ್ಪದಲ್ಲಿ ಹೊರಟು, 101 ದಿನಗಳಲ್ಲಿ ಸುಮಾರು 6,900 ಕಿಲೋಮೀಟರ್ ಸಾಗಿ ಪಾಲಿನೇಷ್ಯದ ರಾರೋಯಿಯಾ ಹವಳದಿಬ್ಬಕ್ಕೆ ಅಪ್ಪಳಿಸಿ ನಿಂತರು. ಬಾಲ್ಸಾ ಮರ ನೀರು ಕುಡಿದು ಮುಳುಗುತ್ತದೆ, ದಿಮ್ಮಿಗಳ ಉಜ್ಜಾಟಕ್ಕೆ ಹಗ್ಗಗಳು ಕೆಲವೇ ವಾರಗಳಲ್ಲಿ ಸವೆದು ಹರಿಯುತ್ತವೆ ಎಂದು ತಿಳಿದವರು ಎಚ್ಚರಿಸಿದ್ದರು. ಆದದ್ದೇ ಬೇರೆ. ಬಾಲ್ಸಾ ಎಷ್ಟು ಮೆದುವೆಂದರೆ ಹಗ್ಗಗಳು ನಿಧಾನವಾಗಿ ಮರದೊಳಕ್ಕೇ ಕಚ್ಚಿಕೊಂಡವು. ದಿಮ್ಮಿ ಹಗ್ಗವನ್ನು ಸವೆಸುವುದರ ಬದಲು ಅದಕ್ಕೆ ತನ್ನಲ್ಲೇ ತೋಡು ಮಾಡಿಕೊಟ್ಟು ಕಾಪಾಡಿತು. ದಡದಲ್ಲಿ ಕುಳಿತು ಲೆಕ್ಕ ಹಾಕಿದ ಯಾರಿಗೂ ಹೊಳೆಯದಿದ್ದ ಈ ಸಣ್ಣ ಸಂಗತಿ ಕಾನ್‌ಟಿಕಿಯ ನಿಜವಾದ ಗಳಿಕೆಗಳಲ್ಲಿ ಒಂದು.

ಆದರೆ ಹೆಯರ್‌ಡಾಲ್ ಸಾಧಿಸಲು ಹೊರಟದ್ದು ಅದನ್ನಲ್ಲ. ತೆಪ್ಪವನ್ನು ಕರಾವಳಿಯಿಂದ ಸುಮಾರು 80 ಕಿಲೋಮೀಟರ್ ಆಚೆಗೆ ಪೆರುವಿನ ನೌಕಾಪಡೆಯ ಹಡಗು ಎಳೆದೊಯ್ದು ಬಿಟ್ಟಿತ್ತು. ಅಂದರೆ ಬಂದರಿನ ದಟ್ಟಣೆಯನ್ನೂ ದಂಡೆಯ ಹತ್ತಿರದ ಪ್ರವಾಹವನ್ನೂ ಸ್ವಂತ ಬಲದಿಂದ ದಾಟುವ, ಬಹುಶಃ ಅತ್ಯಂತ ಕಠಿಣವಾದ ಹಂತವೇ ಪರೀಕ್ಷೆಗೆ ಒಳಪಡಲಿಲ್ಲ. ಅದಕ್ಕಿಂತ ಮುಖ್ಯವಾಗಿ, ತೆಪ್ಪವೊಂದು ತೇಲಿಹೋಗಬಲ್ಲದು ಎಂಬುದರಿಂದ ಜನ ಹಾಗೆ ಹೋಗಿದ್ದರು ಎಂಬುದು ಹೊರಡುವುದಿಲ್ಲ. ಭಾಷೆ, ಪುರಾತತ್ತ್ವ, ವಂಶವಾಹಿ ಎಲ್ಲವೂ ಪಾಲಿನೇಷ್ಯದ ಜನ ಪಶ್ಚಿಮದಿಂದ, ಆಗ್ನೇಯ ಏಷ್ಯಾದ ಕಡೆಯಿಂದ ಬಂದವರೆಂದು ಹೇಳುತ್ತವೆ. ಕಥೆ ಅಲ್ಲಿಗೆ ಮುಗಿಯಿತು ಎನ್ನುವಷ್ಟರಲ್ಲಿ, 2020ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಕ್ರಿಸ್ತಶಕ 1200ರ ಆಸುಪಾಸಿನಲ್ಲಿ ಪಾಲಿನೇಷ್ಯದವರಿಗೂ ದಕ್ಷಿಣ ಅಮೆರಿಕದ ಮೂಲನಿವಾಸಿಗಳಿಗೂ ಬೆರಕೆಯಾಗಿತ್ತೆಂದು ತೋರಿಸಿತು. ದಕ್ಷಿಣ ಅಮೆರಿಕದ ಸಿಹಿಗೆಣಸು ಯುರೋಪಿಯನ್ನರು ಬರುವ ಮೊದಲೇ ಪಾಲಿನೇಷ್ಯದಲ್ಲಿ ಬೆಳೆಯುತ್ತಿದ್ದುದು ಮೊದಲಿನಿಂದಲೂ ತಿಳಿದಿತ್ತು. ಸಂಪರ್ಕವಿತ್ತು, ವಲಸೆಯಲ್ಲ, ಮತ್ತು ಆ ಸಂಪರ್ಕಕ್ಕೆ ಯಾರು ಯಾರ ದಡಕ್ಕೆ ಹೋದರು ಎಂಬುದನ್ನು ತೆಪ್ಪ ಹೇಳಲಾರದು. ಕಾನ್‌ಟಿಕಿ ‘ದಾಟಬಹುದಿತ್ತು’ ಎಂಬುದನ್ನು ತೋರಿಸಿತು, ‘ದಾಟಿದ್ದರು’ ಎಂಬುದು ಪ್ರಯೋಗಾಲಯದಿಂದ ಬರಬೇಕಾಯಿತು.

ಅದೇ ಪೆಸಿಫಿಕ್‌ನಲ್ಲಿ ಮೂರು ದಶಕಗಳ ನಂತರ ನಡೆದ ಇನ್ನೊಂದು ಯಾನದ ಪ್ರಶ್ನೆ ಹೆಚ್ಚು ಚೊಕ್ಕವಾಗಿತ್ತು. ಪಾಲಿನೇಷ್ಯದವರು ದಿಕ್ಕು ತಿಳಿದು ಹೋಗಿ ದ್ವೀಪಗಳಲ್ಲಿ ನೆಲೆಸಿದವರಲ್ಲ, ಗಾಳಿ ಪ್ರವಾಹಗಳಿಗೆ ಸಿಕ್ಕಿ ಅಕಸ್ಮಾತ್ ಅಲ್ಲಿಗೆ ತಲುಪಿದವರು ಎಂಬ ವಾದ 1950ರ ದಶಕದಿಂದ ಬಲವಾಗಿತ್ತು. ಉಪಕರಣಗಳಿಲ್ಲದೆ ಹವಾಯಿಯಿಂದ ತಾಹಿತಿಗೆ, ಸುಮಾರು 4,000 ಕಿಲೋಮೀಟರ್, ಬೇಕೆಂದೇ ಹೋಗಿ ತಲುಪಲು ಸಾಧ್ಯವೇ ಎಂಬುದು ಆದ್ದರಿಂದ ನಿಜವಾದ ಪ್ರಶ್ನೆಯಾಗಿತ್ತು, ಮತ್ತು ಉತ್ತರ ‘ಇಲ್ಲ’ ಎಂದೂ ಬರಬಹುದಿತ್ತು. 1976ರ ಮೇ 1ರಂದು ಹೊರಟ ‘ಹೊಕುಲೆಅ’ ಎಂಬ ಜೋಡಿದೋಣಿ ಜೂನ್ 4ರಂದು ತಾಹಿತಿಯ ಪಪೀಟೆಯನ್ನು ಸೇರಿತು. ದಾರಿ ಕಂಡವರು ಮೈಕ್ರೊನೇಷ್ಯದ ಸತಾವಲ್ ಎಂಬ ಪುಟ್ಟ ದ್ವೀಪದ ಮೌ ಪಿಯಾಯಿಲುಗ್; ಹವಾಯಿಯಲ್ಲಿ ಆ ವಿದ್ಯೆ ಬಲ್ಲವರು ಯಾರೂ ಉಳಿದಿರಲಿಲ್ಲ. ಯಾವ ನಕ್ಷತ್ರ ದಿಗಂತದ ಎಲ್ಲಿ ಹುಟ್ಟುತ್ತದೆ, ಎಲ್ಲಿ ಮುಳುಗುತ್ತದೆ ಎಂಬುದನ್ನು ಅವರು ಬಾಯಿಪಾಠವಾಗಿ ಬಲ್ಲವರು. ಮೋಡ ಮುಸುಕಿದಾಗ ದೂರದ ಗಾಳಿಯೆಬ್ಬಿಸಿದ ಅಲೆಗಳು ದೋಣಿಗೆ ಯಾವ ಕೋನದಲ್ಲಿ ಬಡಿಯುತ್ತಿವೆ ಎಂಬುದನ್ನು ಮೈಯಿಂದಲೇ ಗುರುತಿಸಿ ದಿಕ್ಕು ಹಿಡಿಯುತ್ತಿದ್ದರು.

ಸ್ವಾರಸ್ಯದ ಸಂಗತಿಯೆಂದರೆ ಹೊಕುಲೆಅ ಪ್ಲೈವುಡ್, ಫೈಬರ್‌ಗ್ಲಾಸ್‌ಗಳಿಂದ ಮಾಡಿದ ದೋಣಿ. ಶುದ್ಧತಾವಾದಿಗಳ ಹುಬ್ಬು ಏರುವುದು ಇಲ್ಲಿಯೇ. ಆದರೆ ಪರೀಕ್ಷೆಯಾಗುತ್ತಿದ್ದದ್ದು ದಾರಿ ಕಾಣುವ ವಿದ್ಯೆ ಮತ್ತು ಆ ಆಕಾರದ ದೋಣಿ ಗಾಳಿಗೆ ಎಷ್ಟು ಎದುರಾಗಿ ಹೋಗಬಲ್ಲದು ಎಂಬುದು. ಮರವೋ ಫೈಬರ್‌ಗ್ಲಾಸೋ ಎಂಬುದು ಆ ಪ್ರಶ್ನೆಗೆ ಅಷ್ಟಾಗಿ ಸಂಬಂಧಿಸಿದ್ದಲ್ಲ. ಅದೇ ದೋಣಿ ಪ್ರಾಚೀನ ಮರಗೆಲಸದ ಬಗ್ಗೆ ಏನನ್ನಾದರೂ ಹೇಳಿದೆಯೆಂದರೆ ಮಾತ್ರ ಅದು ತಪ್ಪಾಗುತ್ತದೆ. ಮೊದಲ ಯಾನದಲ್ಲಿ ಸಿಬ್ಬಂದಿಯೊಳಗೆ ಜಗಳಗಳಾಗಿ, ಬೇಸತ್ತ ಪಿಯಾಯಿಲುಗ್ ತಾಹಿತಿಯಿಂದಲೇ ಹಿಂದಿರುಗಿದರು. ಮರಳಿ ಬರುವಾಗ ಉಪಕರಣಗಳನ್ನು ಬಳಸಬೇಕಾಯಿತು. 1978ರ ಯಾನದಲ್ಲಿ ದೋಣಿ ಮಗುಚಿಕೊಂಡು, ನೆರವು ತರಲು ಅಲೆಸವಾರಿಯ ಹಲಗೆಯ (ಸರ್ಫ್‌ಬೋರ್ಡ್) ಮೇಲೆ ಹೊರಟ ಎಡ್ಡಿ ಐಕಾವು ಎಂಬ ಯುವಕ ಕಾಣೆಯಾದರು. 1980ರಲ್ಲಿ ಪಿಯಾಯಿಲುಗ್ ಅವರಿಂದ ಕಲಿತ ಹವಾಯಿಯ ನೈನೋವಾ ಥಾಂಪ್ಸನ್ ಉಪಕರಣಗಳಿಲ್ಲದೆ ತಾಹಿತಿಗೆ ಹೋಗಿ ಬಂದ ಮೇಲಷ್ಟೇ ಆ ವಿದ್ಯೆ ಹವಾಯಿಗೆ ಮರಳಿತು ಎನ್ನಬಹುದು.

ಸೋಲನ್ನೇ ವಿಧಾನವಾಗಿಸಿಕೊಂಡ ಉದಾಹರಣೆ ಜಪಾನಿನದು. ಸುಮಾರು 30,000 ವರ್ಷಗಳ ಹಿಂದೆ ತೈವಾನಿನಿಂದ ಜಪಾನಿನ ರ್ಯುಕ್ಯು ದ್ವೀಪಗಳಿಗೆ ಜನ ಹೇಗೋ ತಲುಪಿದ್ದರು. ಅದಕ್ಕೆ ಎಲುಬುಗಳ ಸಾಕ್ಷ್ಯವಿದೆ, ದೋಣಿಯ ಸಾಕ್ಷ್ಯ ಮಾತ್ರ ಒಂದೂ ಇಲ್ಲ. ನಡುವೆ ಕುರೊಶಿಯೊ ಎಂಬ, ಜಗತ್ತಿನ ಬಲಿಷ್ಠ ಸಾಗರ ಪ್ರವಾಹಗಳಲ್ಲಿ ಒಂದು ಹರಿಯುತ್ತದೆ. ಮಾನವಶಾಸ್ತ್ರಜ್ಞ ಯೋಸುಕೆ ಕೈಫು ಅವರ ಮುಂದಾಳತ್ವದ ತಂಡ ಮೊದಲು ಜೊಂಡಿನ ಕಟ್ಟುಗಳ ತೆಪ್ಪವನ್ನು ಪರೀಕ್ಷಿಸಿತು, ಪ್ರವಾಹ ಅದನ್ನು ಕೊಚ್ಚಿಕೊಂಡು ಹೋಯಿತು. ನಂತರ ಬಿದಿರಿನ ತೆಪ್ಪ ಮಾಡಿದರು, ಅದರ ವೇಗವೂ ಸಾಲದಾಯಿತು. ಕೊನೆಗೆ, ಆ ಕಾಲಕ್ಕೆ ಜಪಾನಿನಲ್ಲಿದ್ದ ಮಾದರಿಯ ಅಂಚು ಮಸೆದ ಕಲ್ಲುಕೊಡಲಿಗಳಿಂದಲೇ ಮರ ಕಡಿದು, ಕೊರೆದು, ಏಳೂವರೆ ಮೀಟರ್ ಉದ್ದದ ದೋಣಿಯೊಂದನ್ನು ಮಾಡಿದರು. 2019ರ ಜುಲೈ 7ರಂದು ಐವರು ಅದರಲ್ಲಿ ಹೊರಟು, ನಕ್ಷೆ, ದಿಕ್ಸೂಚಿ, ಗಡಿಯಾರ ಏನೂ ಇಲ್ಲದೆ, ದಾರಿಯ ಬಹುಭಾಗ ಗುರಿಯ ದ್ವೀಪ ಕಣ್ಣಿಗೇ ಬೀಳದೆ, 45 ಗಂಟೆಗಳಿಗೂ ಮಿಕ್ಕಿ ಹುಟ್ಟು ಹಾಕಿ 225 ಕಿಲೋಮೀಟರ್ ದಾಟಿ ರ್ಯುಕ್ಯುವಿನ ಯೊನಗುನಿ ದ್ವೀಪವನ್ನು ಸೇರಿದರು.

ಇಲ್ಲಿ ಮೂರನೆಯ ದೋಣಿಯ ಗೆಲುವಿಗೆ ಅರ್ಥ ಬಂದದ್ದು ಮೊದಲ ಎರಡರ ಸೋಲಿನಿಂದ. ಆ ಕಾಲದವರು ದಿಮ್ಮಿ ಕೊರೆದ ದೋಣಿಯನ್ನೇ ಬಳಸಿದರು ಎಂದು ಖಚಿತವಾಗಿ ಹೇಳಲು ಈಗಲೂ ಬರುವುದಿಲ್ಲ. ಆದರೆ ಜೊಂಡಿನ ತೆಪ್ಪದಲ್ಲಿ ತೇಲುತ್ತ ಹೋದರು ಎನ್ನುವವರು ಇನ್ನು ಮುಂದೆ ಆ ಪ್ರವಾಹವನ್ನು ಹೇಗೆ ದಾಟಿದರೆಂದು ವಿವರಿಸಬೇಕಾಗುತ್ತದೆ. 2025ರಲ್ಲಿ ಇದೇ ತಂಡ ಕಂಪ್ಯೂಟರ್ ಲೆಕ್ಕಾಚಾರಗಳ ಮೂಲಕ ಯಾವ ತೀರದಿಂದ ಹೊರಟು ಯಾವ ದಿಕ್ಕಿಗೆ ಹುಟ್ಟು ಹಾಕಿದರೆ ದಾಟಲು ಸಾಧ್ಯವೆಂಬುದನ್ನೂ ಪ್ರಕಟಿಸಿತು. ಒಂದೇ ಬಾರಿ ದಾಟಿ ಬಂದ ಯಾನ ಒಂದು ದಿನದ ಗಾಳಿಯ ಕಥೆಯಷ್ಟೇ. ಲೆಕ್ಕಾಚಾರ ಅದನ್ನು ನೂರಾರು ದಿನಗಳ ಗಾಳಿಗೆ ಒಡ್ಡಿ ನೋಡಲು ಬಿಡುತ್ತದೆ.

ಇನ್ನು ಹಡಗು ಕಟ್ಟುವ ಅಂಗಳ. ಮರುಯಾನಗಳ ಅತ್ಯಂತ ಫಲವತ್ತಾದ ಭಾಗ ಇದೇ ಎಂದು ನನಗನ್ನಿಸುತ್ತದೆ. ಹೆಯರ್‌ಡಾಲ್ 1969ರಲ್ಲಿ ಪಪೈರಸ್ ಜೊಂಡಿನಿಂದ ಕಟ್ಟಿಸಿದ ‘ರಾ’ ಎಂಬ ದೋಣಿಯ ಮೇಲೆ ಮೊರಾಕ್ಕೊದ ಸಾಫಿಯಿಂದ ಅಟ್ಲಾಂಟಿಕ್ ದಾಟಲು ಹೊರಟರು. ಈಜಿಪ್ಟಿನ ಹಳೆಯ ಚಿತ್ರಗಳಲ್ಲಿ ದೋಣಿಯ ಹಿಂತುದಿ ಮೇಲಕ್ಕೆ ಸುರುಳಿಯಾಗಿ ಬಾಗಿ, ಆ ತುದಿಯಿಂದ ಅಟ್ಟಕ್ಕೆ (ಡೆಕ್‌ಗೆ) ಒಂದು ಹಗ್ಗ ಇಳಿದಿರುತ್ತದೆ. ಅದು ಬಾಗನ್ನು ಉಳಿಸಿಕೊಳ್ಳುವ ಅಲಂಕಾರದ ಕಟ್ಟಷ್ಟೇ ಎಂದು ತಿಳಿದು ಆ ಹಗ್ಗವನ್ನು ಕೈಬಿಟ್ಟಿದ್ದರು. ಸಾಗರದಲ್ಲಿ ಹಿಂಭಾಗ ದಿನದಿನಕ್ಕೆ ಕುಸಿಯುತ್ತ ನೀರೊಳಗಿಳಿಯಿತು. ಆ ಹಗ್ಗ ಹಿಂದಿನ ತುದಿಯನ್ನು ಬಿಲ್ಲಿನ ಹೆದೆಯಂತೆ ಎಳೆದು, ಇಡೀ ಹಿಂಭಾಗಕ್ಕೆ ಪುಟಿಯುವ ಬಲ ಕೊಡುತ್ತಿತ್ತೆಂಬುದು ಅರ್ಥವಾಗುವ ಹೊತ್ತಿಗೆ ದೋಣಿ ಬಿಚ್ಚಿಕೊಳ್ಳತೊಡಗಿತ್ತು. ಬಾರ್ಬಡೋಸ್ ಇನ್ನು ಕೆಲವೇ ದಿನಗಳ ದಾರಿ ಇದ್ದಾಗ ಅದನ್ನು ಬಿಟ್ಟುಬಿಡಬೇಕಾಯಿತು. ಮರುವರ್ಷ ಟಿಟಿಕಾಕಾ ಸರೋವರದ ಐಮಾರಾ ಜನ ಕಟ್ಟಿಕೊಟ್ಟ ‘ರಾ-2’ 57 ದಿನಗಳಲ್ಲಿ ಬಾರ್ಬಡೋಸ್ ತಲುಪಿತು. ಈಜಿಪ್ಟಿನವರು ಅಮೆರಿಕಕ್ಕೆ ಹೋಗಿದ್ದರೆಂಬ ಸೂಚನೆಗೆ ಎರಡನೆಯ ಯಾನ ಏನನ್ನೂ ಸೇರಿಸಲಿಲ್ಲ. ಮುರಿದ ಮೊದಲ ದೋಣಿಯಾದರೋ ಗೋಡೆಚಿತ್ರದ ಒಂದು ಗೆರೆಯ ಅರ್ಥವನ್ನು ಬಿಡಿಸಿಕೊಟ್ಟಿತು.

ಗ್ರೀಸಿನ ‘ಒಲಿಂಪಿಯಾಸ್’ ಕೂಡ ಹೀಗೆಯೇ. ಮೂರು ಅಂತಸ್ತುಗಳಲ್ಲಿ 170 ಮಂದಿ ಹುಟ್ಟು ಹಾಕುವ ಪ್ರಾಚೀನ ಯುದ್ಧನೌಕೆಯ ಈ ಮರುನಿರ್ಮಾಣ 1987ರಲ್ಲಿ ನೀರಿಗಿಳಿಯಿತು. ಒಬ್ಬ ಹುಟ್ಟಾಳಿಗೂ ಮುಂದಿನವನಿಗೂ ನಡುವೆ ಎರಡು ಮೊಳ ಅಂತರ ಎಂದು ಹಳೆಯ ಆಧಾರ. ಆದರೆ ಯಾವ ಮೊಳ? ವಿನ್ಯಾಸಕಾರರು 44 ಸೆಂಟಿಮೀಟರಿನ ಮೊಳವನ್ನು ಹಿಡಿದರು. ಹುಟ್ಟಾಳುಗಳಿಗೆ ಮೈಯನ್ನು ಪೂರ್ತಿ ಚಾಚಿ ಎಳೆಯಲು ಜಾಗ ಸಾಲಲಿಲ್ಲ, ನಿರೀಕ್ಷಿಸಿದ ವೇಗವನ್ನು ಹೆಚ್ಚು ಹೊತ್ತು ಕಾಯ್ದುಕೊಳ್ಳಲಾಗಲಿಲ್ಲ. 49 ಸೆಂಟಿಮೀಟರಿನ ಮೊಳವೂ ಬಳಕೆಯಲ್ಲಿತ್ತೆಂಬ ಆಧಾರ ಸಿಕ್ಕ ಮೇಲೆ, ಅಂತರ ಹೆಚ್ಚಿಸಬೇಕೆಂಬ ಅಭಿಪ್ರಾಯ ಗಟ್ಟಿಯಾಯಿತು. ಐದು ಸೆಂಟಿಮೀಟರಿನ ವ್ಯತ್ಯಾಸವನ್ನು ಕಂಡುಹಿಡಿದದ್ದು ಸೊಂಟ ನೋಯಿಸಿಕೊಂಡ ಜನ.

ಹೊಲಿದ ಹಡಗುಗಳ ವಿಷಯದಲ್ಲಿ ನಮಗೊಂದು ಅನುಕೂಲವಿದೆ: ಆ ಕೈಗಳು ಪೂರ್ತಿ ಇಲ್ಲವಾಗಿಲ್ಲ. 1980ರಲ್ಲಿ ಸಾಹಸಯಾನಿ, ಲೇಖಕ ಟಿಮ್ ಸೆವೆರಿನ್ ಒಮಾನಿನ ಸೂರ್‌ನಲ್ಲಿ ‘ಸೊಹಾರ್’ ಹಡಗನ್ನು ಕಟ್ಟಿಸಿದಾಗ ಮರ ಹೋದದ್ದು ಮಲಬಾರಿನಿಂದ, ಹೊಲಿಗೆಯ ಕೈಗಳು ಹೋದದ್ದು ಲಕ್ಷದ್ವೀಪದಿಂದ. ಸುಮಾರು 400 ಮೈಲಿ ಉದ್ದದ ಕತ್ತದ ಹುರಿ ಆ ಹಡಗಿಗೆ ಬೇಕಾಯಿತು. 1980ರ ನವೆಂಬರಿನಲ್ಲಿ ಹೊರಟು 1981ರ ಜುಲೈಯಲ್ಲಿ ಅದು ಚೀನಾದ ಕ್ಯಾಂಟನ್ ತಲುಪಿತು. ಕೌಂಡಿನ್ಯವನ್ನು ಗೋವೆಯ ಹೋಡಿ ಇನ್ನೊವೇಷನ್ಸ್ ಸಂಸ್ಥೆಯ ಅಂಗಳದಲ್ಲಿ ಕಟ್ಟಿದವರು ಬಾಬು ಶಂಕರನ್ ಅವರ ನೇತೃತ್ವದ ಕೇರಳದ ಕುಶಲಕರ್ಮಿಗಳು. ಮೊಳೆ ಹೊಡೆದ ಹಡಗಿನ ಬಿರುಸು ಹೊಲಿದ ಹಡಗಿಗಿಲ್ಲ. ಮರಳದಿಬ್ಬಕ್ಕೆ ತಾಗಿದಾಗ, ಅಲೆಯ ಹೊಡೆತ ಬಿದ್ದಾಗ ಹಲಗೆಗಳು ಒಂದಿಷ್ಟು ಸರಿದು ಮತ್ತೆ ಕೂಡಿಕೊಳ್ಳುತ್ತವೆ. ಹಾಗೆ ಬಳುಕುವ ಗುಣ ಎಷ್ಟು, ಯಾವ ಹೊಲಿಗೆಯ ಬಿಗಿತ ಎಷ್ಟು ದಿನಕ್ಕೆ ಸಡಿಲವಾಗುತ್ತದೆ, ನಾರು ಎಲ್ಲಿ ಮೊದಲು ಕೊಳೆಯುತ್ತದೆ, ದಿನಕ್ಕೆ ಎಷ್ಟು ನೀರು ಒಳಸೇರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಹಡಗಿನೊಳಗೇ ಇರಬೇಕು. 1893ರ ನಾರ್ವೆಯ ಹಡಗಿನ ನಾಯಕ ಮ್ಯಾಗ್ನಸ್ ಆಂಡರ್ಸನ್, ಸಮುದ್ರದಲ್ಲಿ ತನ್ನ ಹಡಗಿನ ಮೇಲಂಚು ಆರು ಅಂಗುಲದಷ್ಟು ತಿರುಚಿಕೊಳ್ಳುತ್ತಿತ್ತು, ಆದರೂ ಒಡಲು ಸೋರಲಿಲ್ಲ ಎಂದು ಬರೆದಿಟ್ಟಿದ್ದರು. ಇಂದಿಗೂ ವಿದ್ವಾಂಸರು ಉಲ್ಲೇಖಿಸುವುದು ಅವರು ದಾಟಿದ ದೂರಕ್ಕಿಂತ ಹೆಚ್ಚಾಗಿ ಆ ಆರು ಅಂಗುಲವನ್ನು.

ಆಧಾರದ ಗಟ್ಟಿತನದ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಡೆನ್ಮಾರ್ಕಿನ ರೋಸ್‌ಕಿಲ್ಡೆಯ ವೈಕಿಂಗ್ ಹಡಗು ವಸ್ತುಸಂಗ್ರಹಾಲಯ ಕಟ್ಟಿ, 2007ರಲ್ಲಿ ಡಬ್ಲಿನ್‌ಗೆ ಕಳುಹಿಸಿದ ಸುಮಾರು 30 ಮೀಟರಿನ ಯುದ್ಧನೌಕೆಗೆ 1962ರಲ್ಲಿ ಸಮುದ್ರದಿಂದ ಮೇಲೆತ್ತಿದ ಹಡಗಿನ ಅವಶೇಷವೇ ಆಧಾರ; ಅದರ ಮರ 1042ರ ಸುಮಾರಿಗೆ ಡಬ್ಲಿನ್ ಬಳಿ ಕಡಿದದ್ದೆಂದು ಮರದ ಬೆಳವಣಿಗೆಯ ಬಳೆಗಳೇ ಹೇಳಿವೆ. 2010ರಲ್ಲಿ ಮಸ್ಕತ್ತಿನಿಂದ ಸಿಂಗಪುರಕ್ಕೆ ಹೋದ ‘ಜ್ಯುವೆಲ್ ಆಫ್ ಮಸ್ಕತ್’ಗೆ ಇಂಡೊನೇಷ್ಯದ ಬೆಲಿಟುಂಗ್ ಬಳಿ ಮುಳುಗಿದ್ದ ಒಂಬತ್ತನೆಯ ಶತಮಾನದ ಹಡಗಿನ ಆಧಾರವಿತ್ತು. 2003-04ರಲ್ಲಿ ಇಂಡೊನೇಷ್ಯದಿಂದ ಘಾನಾದವರೆಗೆ ಹೋದ ಹಡಗಿಗೆ ಜಾವಾದ ಬೌದ್ಧ ಸ್ಮಾರಕ ಬೊರೊಬುದೂರಿನ ಉಬ್ಬುಶಿಲ್ಪಗಳಷ್ಟೇ ಆಧಾರ. ಕೌಂಡಿನ್ಯಕ್ಕೆ ಅಜಂತೆಯ ಐದನೆಯ ಶತಮಾನದ ಚಿತ್ರ. ಚಿತ್ರಕಾರ ನೀರಿನ ಮೇಲಿನದನ್ನು ಬರೆದಿದ್ದಾನೆ. ನೀರಿನ ಕೆಳಗಿನ ಒಡಲು ಹೇಗಿತ್ತು, ಹಲಗೆ ಎಷ್ಟು ದಪ್ಪ, ಹೊಲಿಗೆ ಯಾವ ಬಗೆಯದು ಎಂಬುದೆಲ್ಲ ಇಂದಿನವರ ಊಹೆ, ಐಐಟಿ ಮದ್ರಾಸಿನ ಮಾದರಿ ಪರೀಕ್ಷೆಗಳಿಂದ ತಿದ್ದಿಕೊಂಡ ಊಹೆ. ಇದರಲ್ಲಿ ಕೀಳಾದದ್ದೇನೂ ಇಲ್ಲ. ಈ ಕ್ಷೇತ್ರದ ವಿದ್ವಾಂಸರೇ ಇಂತಹ ಹಡಗನ್ನು ತೇಲುವ ಊಹೆ ಎಂದು ಕರೆದಿದ್ದಾರೆ. ಆದರೆ ಊಹೆ ಎಲ್ಲಿ ಮುಗಿದು ಆಧಾರ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆ ಓದುಗರಿಗೆ ಕಾಣಬೇಕು. ಹಾಯಿಯ ಮೇಲಿನ ಗಂಡಭೇರುಂಡವೂ ಅಟ್ಟದ ಮೇಲಿನ ಸಿಂಧೂ ಮಾದರಿಯ ಕಲ್ಲಿನ ಲಂಗರೂ ಕಣ್ಣಿಗೆ ಚೆಂದ. ಒಂದೇ ಹಡಗಿನಲ್ಲಿ ಸಾವಿರಾರು ವರ್ಷಗಳ ಅಂತರದ ಲಾಂಛನಗಳು ಕೂಡಿರುವುದರಿಂದ ಅವನ್ನು ಆಧಾರವೆಂದು ಯಾರೂ ಓದಬಾರದು.

ಹಣ ಎಲ್ಲಿಂದ ಬರುತ್ತದೆ ಎಂಬುದು ಗೆರೆ ಅಳಿಸುವ ಇನ್ನೊಂದು ಕಾರಣ. ಇಷ್ಟು ದೊಡ್ಡ ಕೆಲಸಕ್ಕೆ ಸರಕಾರವೋ ಅರಸನೋ ಬೇಕು: ಸೊಹಾರ್‌ಗೆ ಒಮಾನಿನ ಸುಲ್ತಾನ್ ಖಾಬೂಸ್, ಕೌಂಡಿನ್ಯಕ್ಕೆ ಭಾರತದ ಸಂಸ್ಕೃತಿ ಸಚಿವಾಲಯ. ನಾಡಿನ ಹಿರಿಮೆಗೆಂದು, ಎರಡು ದೇಶಗಳ ಗೆಳೆತನಕ್ಕೆಂದು ಕಳುಹಿಸಿದ ಹಡಗು ನಿಗದಿಯಾದ ದಿನ ನಿಗದಿಯಾದ ಬಂದರಿನಲ್ಲಿ ಕಾಣಿಸಿಕೊಳ್ಳಬೇಕಾಗುತ್ತದೆ. ಹಳೆಯ ನಾವಿಕನೋ ಗಾಳಿ ಬರುವವರೆಗೆ ತಿಂಗಳುಗಟ್ಟಲೆ ಕಾಯುತ್ತಿದ್ದ. ರೋಸ್‌ಕಿಲ್ಡೆಯ ನೌಕೆಯನ್ನೂ ಉತ್ತರ ಸಮುದ್ರದಲ್ಲಿ ಗಾಳಿ ಕೈಕೊಟ್ಟಾಗ ಬೆಂಗಾವಲು ಹಡಗು ಎಳೆದೊಯ್ಯಬೇಕಾಯಿತು, ಮತ್ತು ಅದನ್ನು ಮುಚ್ಚಿಡದೆ ಹೇಳಿದರು. ಬೆಂಗಾವಲು, ಜೀವರಕ್ಷಕ ತೆಪ್ಪ, ಉಪಗ್ರಹ ಫೋನು ಇವುಗಳ ಬಗ್ಗೆ ಮೂಗು ಮುರಿಯುವುದು ಸರಿಯಲ್ಲ. 2009ರಲ್ಲಿ ಪೆಸಿಫಿಕ್ ದಾಟಿ ಮರಳುತ್ತಿದ್ದ ‘ಪ್ರಿನ್ಸೆಸ್ ತೈಪಿಂಗ್’ ಎಂಬ ಚೀನೀ ಮಾದರಿಯ ಹಾಯಿಹಡಗು, ತೈವಾನ್ ಇನ್ನೇನು ಸಿಕ್ಕಿತು ಎನ್ನುವಾಗ ಸರಕುಹಡಗು ಬಡಿದು ಎರಡು ಹೋಳಾಯಿತು. ಅದರಲ್ಲಿದ್ದ 11 ಮಂದಿ ಬದುಕುಳಿದದ್ದು ರಕ್ಷಣಾ ವ್ಯವಸ್ಥೆಯಿಂದ. 2024ರ ಆಗಸ್ಟಿನಲ್ಲಿ ಫ್ಯಾರೋ ದ್ವೀಪಗಳಿಂದ ನಾರ್ವೆಗೆ ಹೊರಟಿದ್ದ ವೈಕಿಂಗ್ ಮಾದರಿಯ ತೆರೆದ ದೋಣಿಯೊಂದು ಮಗುಚಿ ಒಬ್ಬ ಯುವತಿ ಜೀವ ಕಳೆದುಕೊಂಡಳು. ಪ್ರಾಚೀನರ ಸಾವಿನ ಪ್ರಮಾಣವನ್ನೂ ಮರುಸೃಷ್ಟಿಸಬೇಕೆಂದು ಯಾರೂ ಕೇಳುವುದಿಲ್ಲ. ಇಂದಿನ ಕಾನೂನೂ ಹಳೆಯ ಹಡಗನ್ನು ಹಳೆಯದೆಂದು ಬಿಡುವುದಿಲ್ಲ: 2016ರಲ್ಲಿ ಅಟ್ಲಾಂಟಿಕ್ ದಾಟಿ ಬಂದ ನಾರ್ವೆಯ ವೈಕಿಂಗ್ ಮಾದರಿಯ ದೊಡ್ಡ ಹಾಯಿಹಡಗಿಗೆ ಅಮೆರಿಕದ ಮಹಾಸರೋವರಗಳಲ್ಲಿ ಕಡ್ಡಾಯ ಮಾರ್ಗದರ್ಶಿ ನಾವಿಕರ ಶುಲ್ಕವೇ ನಾಲ್ಕು ಲಕ್ಷ ಡಾಲರಿನವರೆಗೆ ಏರಬಹುದೆಂದು ಅಂದಾಜಾಗಿ, ಯಾನವೇ ಇಕ್ಕಟ್ಟಿಗೆ ಸಿಕ್ಕಿತು.

ಸೋಲನ್ನು ಬಚ್ಚಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅರಬ್ಬೀ ಸಮುದ್ರದಲ್ಲಿಯೇ ಒಂದು ಕಥೆಯಿದೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ‘ಮಗನ್ ದೋಣಿ’ಯ (ಮಗನ್ ಎಂದರೆ ಒಮಾನ್ ಸುತ್ತಲಿನ ಪ್ರದೇಶದ ಹಳೆಯ ಹೆಸರು) ಮಾದರಿಯಲ್ಲಿ ಜೊಂಡಿನಿಂದ ಕಟ್ಟಿ ನೈಸರ್ಗಿಕ ಡಾಂಬರು ಬಳಿದ 12 ಮೀಟರಿನ ದೋಣಿಯೊಂದು 2005ರ ಸೆಪ್ಟೆಂಬರಿನಲ್ಲಿ ಸೂರ್‌ನಿಂದ ಗುಜರಾತಿನ ಮಾಂಡವಿಗೆ ಹೊರಟಿತು. ಕೆಲವೇ ಗಂಟೆಗಳಲ್ಲಿ ನೀರು ತುಂಬಿ ಮುಳುಗಿತು. ಅದರಲ್ಲಿದ್ದವರನ್ನು ಬೆಂಗಾವಲು ಹಡಗು ಎತ್ತಿಕೊಂಡಿತು. ಸುಮಾರು ಎರಡು ದಶಕಗಳ ನಂತರ ಅಬುಧಾಬಿಯಲ್ಲಿ ಜಾಯೆದ್ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಯೋಜನೆಯಡಿ ಮತ್ತೊಮ್ಮೆ ಕಟ್ಟುವಾಗ, ದೋಣಿಗೆ ಬೇಕಾದ ಸಾಮಗ್ರಿಗಳನ್ನು ಪಟ್ಟಿ ಮಾಡಿದ್ದ ಕ್ರಿಸ್ತಪೂರ್ವ 2100ರ ಸುಮಾರಿನ ಮಣ್ಣಿನ ಫಲಕವನ್ನೇ ಆಧಾರವಾಗಿ ಹಿಡಿದರು. 15 ಟನ್ ಜೊಂಡನ್ನು ನೆನೆಸಿ, ಎಲೆ ಸುಲಿದು, ಜಜ್ಜಿ, ಖರ್ಜೂರದ ನಾರಿನ ಹಗ್ಗದಿಂದ ಕಟ್ಟಿ, ಮೇಲೆ ಡಾಂಬರು ಬಳಿದ 18 ಮೀಟರಿನ ಆ ದೋಣಿ 2024ರಲ್ಲಿ ಎರಡು ದಿನಗಳ ಪರೀಕ್ಷೆಯಲ್ಲಿ 50 ನಾಟಿಕಲ್ ಮೈಲಿ ಸಾಗಿ, 5.6 ನಾಟ್ ವೇಗ ಮುಟ್ಟಿತು. ಅವರು ಯಾವ ದೇಶಕ್ಕೂ ಹೊರಡಲಿಲ್ಲ. ಅಬುಧಾಬಿಯ ತೀರದ ಬಳಿಯೇ ಹೋಗಿ ಬಂದು, ಅಂಕಿಗಳನ್ನು ಬರೆದಿಟ್ಟರು. ಕೌಂಡಿನ್ಯದ ಸಿಬ್ಬಂದಿ ದಿನಕ್ಕೆಷ್ಟು ಬಾರಿ ತಳದ ನೀರು ಮೊಗೆದರು, ಮಸ್ಕತ್ತಿನಲ್ಲಿ ಹಡಗನ್ನು ನೋಡಿದಾಗ ಎಷ್ಟು ಹೊಲಿಗೆಗಳನ್ನು ಬದಲಿಸಬೇಕೆನಿಸಿತು ಎಂಬ ಅಂಕಿಗಳೂ ಹಾಗೆಯೇ ಪೂರ್ತಿಯಾಗಿ ಅಚ್ಚಾದರೆ, ಮುಂದಿನ ಹಡಗನ್ನು ಹೊಲಿಯಲು ಕೂರುವವರು ಮೊದಲು ತೆರೆಯುವ ಪುಟ ಅದೇ ಆಗಿರುತ್ತದೆ.